ಮುಚ್ಚಿದ ಸುತ್ತಿನ ಫಲಿತಾಂಶ

ಈಚೆಗೆ ಪದವಿ ಕಾಲೇಜುಗಳಿಗೆ ಹೊಸದಾಗಿ ನೇಮಕವಾದ ಕೆಲವರು ಕೊಪ್ಪಳದ ನನ್ನ ಮನೆಗೆ ಬಂದಿದ್ದರು. ವೇತನ ಶ್ರೇಣಿ, ವರ್ಗಾವಣೆ, ಪಿಎಚ್‌ಡಿ ಅಂತ ಒಂದೊಂದೇ ಕೇಳಿದರು. ಅದಕ್ಕೆಲ್ಲ ಉತ್ತರ ಹೇಳುವವರು ಬೇರೆ ಇದ್ದಾರೆ. ಹೊರಡುವ ಹೊತ್ತಿಗೆ ಒಬ್ಬಳು ಚಪ್ಪಲಿ ಮೆಟ್ಟುತ್ತ, "ಮೇಡಂ, ನನಗ ಚರ್ಚಾಕೂಟದ ಜವಾಬ್ದಾರಿ ಕೊಟ್ಟಾರ. ಅದು ಹಗೂರ ಕೆಲಸ ಅಲ್ಲೇನ್ರಿ?" ಎಂದಳು.

ನನಗೆ ನಗು ಬರಲಿಲ್ಲ. ರಾಜ್ಯಶಾಸ್ತ್ರ ಪಾಠ ಮಾಡುವುದರ ಜೊತೆಗೆ ನಿವೃತ್ತಿಯ ತನಕ ನಾನು ಹೊತ್ತ ಕೆಲಸ ಅದು. ತರಗತಿಗೆ ನಾನು ಹೆದರಲಿಲ್ಲ, ಪರೀಕ್ಷಾ ಕೋಣೆಗೆ ಹೆದರಲಿಲ್ಲ, ಚುನಾವಣೆ ಡ್ಯೂಟಿಗೂ ಹೆದರಲಿಲ್ಲ. ಚರ್ಚಾಸ್ಪರ್ಧೆಯ ಫಲಿತಾಂಶಕ್ಕೆ ಮಾತ್ರ ಕೊನೆಯವರೆಗೂ ಹೆದರಿದೆ. ಆ ಹುಡುಗಿಗೆ ಬಾಗಿಲಲ್ಲಿ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಯಾರು ಅನ್ನುವುದನ್ನು ಹೇಳಿಬಿಡುತ್ತೇನೆ. ನನ್ನ ಊರು ಮಂಗಳೂರು. ಸಮುದ್ರದ ಪಕ್ಕದ್ದಲ್ಲ, ಯಲಬುರ್ಗಾ ಕಡೆಯದು. ಅಪ್ಪ ಕುರಿ ಕಾಯುತ್ತಿದ್ದ. ನಮ್ಮ ವಂಶದಲ್ಲಿ ಪದವಿ ಹಿಡಿದವಳು ನಾನೇ ಮೊದಲು. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಪುಕ್ಕಟೆ ಸಿಕ್ಕಿದ್ದಲ್ಲ. ಬಿ.ಎ. ಪಾಸಾದ ದಿನ ಅಪ್ಪ ಊರಲ್ಲಿರಲಿಲ್ಲ. ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿದ ಹೊಲ ಹುಡುಕಿಕೊಂಡು ನಡೆದು ಹೋಗಿ ಸುದ್ದಿ ಹೇಳಿದೆ. ಅವನು ಕಂಬಳಿ ಕೊಡವುತ್ತ, "ಪಾಸ್ ಅಂದ್ರ ಮುಗೀತೇನು, ಇನ್ನೂ ಐತೇನು?" ಎಂದು ಕೇಳಿದ. ಎಂ.ಎ.ಗೆ ಅರ್ಜಿ ಹಾಕಿ ಬಂದಿದ್ದ ನಾನು, "ಸ್ವಲ್ಪ ಐತಪ್ಪ" ಎಂದೆ. "ನಿನ್ನ ಸ್ವಲ್ಪಕ್ಕ ನನ್ನ ಹಿಂಡೆಲ್ಲ ಹೊಂಟೈತಿ" ಎಂದ. ಆದರೆ ಬೇಡ ಅನ್ನಲಿಲ್ಲ.

ಕೆಲಸಕ್ಕೆ ಸೇರಿದ್ದು ಯಲಬುರ್ಗಾದ ಒಂದು ಕಾಲೇಜಿನಲ್ಲಿ. ಅಲ್ಲಿ ಚರ್ಚಾಕೂಟ ನೋಡಿಕೊಳ್ಳುತ್ತಿದ್ದವರು ದೇಸಾಯಿ ಸರ್, ನಿವೃತ್ತಿಯ ಅಂಚಿನಲ್ಲಿದ್ದ ಕನ್ನಡ ಮೇಷ್ಟ್ರು. ಜಿಲ್ಲಾಮಟ್ಟದ ಸ್ಪರ್ಧೆಯ ದಿನ ಅವರು ನನಗೆ ಕೊಟ್ಟ ಮೊದಲ ಪಾಠ ಇದು: "ನೋಡವಾ, ಫಲಿತಾಂಶ ಹೇಳಾಕ ಎದ್ದು ನಿಲ್ಲೂಮುಂದ ಚಪ್ಪಲಿ ಕಾಲಾಗಿರ್ಬೇಕು. ವೇದಿಕಿ ಹಿಂದಿನ ಬಾಗಲಾ ತೆರದಿರ್ಬೇಕು."

ನಾನು ಚೇಷ್ಟೆ ಎಂದುಕೊಂಡೆ. ಪರ್ಯಾಯ ಪಾರಿತೋಷಕ ಕುಷ್ಟಗಿಯ ತಂಡಕ್ಕೆ ಎಂದು ಅವರು ಓದಿ ಮುಗಿಸುವುದರೊಳಗೆ ಹಿಂದಿನ ಸಾಲಿನ ಬೆಂಚುಗಳು ಉರುಳಿದವು. ಸರ್ ನನ್ನ ಕೈ ಹಿಡಿದು ಹಿಂದಿನ ಬಾಗಿಲಿನಿಂದ ಎಳೆದುಕೊಂಡು ಹೋಗಿ ಸಸ್ಯಶಾಸ್ತ್ರದ ಕೋಣೆಯಲ್ಲಿ ಒಳಚಿಲಕ ಹಾಕಿದರು. ತಗಡಿನ ಮೇಲೆ ಕಲ್ಲು ಬೀಳುತ್ತಿದ್ದವು. ಸರ್ ಜೇಬಿನಿಂದ ಶೇಂಗಾ ತೆಗೆದು ಸುಲಿಯತೊಡಗಿದರು.

"ಸರ್, ಅವ್ರ್ಯಾಕ ಗೆದ್ರು ಅನ್ನೂದನ್ನ ಹೇಳಿದ್ರ ಹುಡುಗ್ರು ತಣ್ಣಗಾಗ್ತಿದ್ರೇನ್ರಿ?" ಎಂದು ಕೇಳಿದೆ.

"ಕಾರಣ ಹೇಳಿದ್ರ ಕಾರಣಕ್ಕೂ ಒಂದು ಕಲ್ಲು ಒಗೀತಾರ. ಯಾರ ಕೇಳಿದ್ರೂ ಒಂದ ಮಾತು: ನಿರ್ಣಾಯಕರ ತೀರ್ಮಾನವೇ ಅಂತಿಮ. ತಗೋ, ಶೇಂಗಾ ತಿನ್ನು."

ಈ ಮಾತನ್ನು ನಾನು ಬಹಳ ವರ್ಷ ಗುರಾಣಿಯಂತೆ ಹಿಡಿದುಕೊಂಡು ಓಡಾಡಿದೆ.

ಮುಂದೆ ಕುಷ್ಟಗಿಗೆ ವರ್ಗವಾದೆ. ಅಲ್ಲಿನ ಪ್ರಾಂಶುಪಾಲರು ಹೆದರಿಕೆಯನ್ನು ಬೇರೆ ರೀತಿ ನಿವಾರಿಸಿಕೊಂಡಿದ್ದರು. ಸ್ಪರ್ಧೆಯ ಬೆಳಿಗ್ಗೆ ನನ್ನನ್ನು ಕರೆದು, "ಮೇಡಂ, ಫಸ್ಟ್ ಯಾರಿಗಂತ ಆಗೇತಿ. ಸೆಕೆಂಡ್, ಥರ್ಡ್ ನೀವು ಅರಾಮ ನೋಡ್ಕೋರಿ" ಎಂದರು. ಮೊದಲ ಬಹುಮಾನ ಊರಿನ ದೊಡ್ಡವರೊಬ್ಬರ ಮೊಮ್ಮಗನಿಗೆ ನಿಗದಿಯಾಗಿತ್ತು. ನಾನು ಫಲಿತಾಂಶದ ಹಾಳೆಗೆ ಸಹಿ ಮಾಡಲಿಲ್ಲ. ಅವರು ಗಣಿತದ ಮೇಷ್ಟ್ರನ್ನು ಕರೆದು ಮಾಡಿಸಿದರು. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ್ದ ಹುಡುಗಿ ಸಮಾರಂಭ ಮುಗಿದ ಮೇಲೆ ಬಂದು, "ಸರ್, ನಾ ಎಲ್ಲಿ ತಪ್ಪಿದೆ ಹೇಳ್ರಿ. ತಿದ್ದಿಕೋತೀನಿ" ಎಂದಳು. ಪ್ರಾಂಶುಪಾಲರು ಮುಖ ಎತ್ತದೆಯೇ, "ನಿರ್ಣಾಯಕರ ತೀರ್ಮಾನವೇ ಅಂತಿಮವಾ" ಎಂದರು. ಆ ಹುಡುಗಿ ಸ್ವಲ್ಪ ಹೊತ್ತು ನಿಂತು ಹೋದಳು. ಮತ್ತೆ ವೇದಿಕೆ ಹತ್ತಲಿಲ್ಲ. ಅವಳು ನಿಂತಿದ್ದ ರೀತಿ ನನಗೆ ಈಗಲೂ ನೆನಪಿದೆ. ಇಲ್ಲದ ತಪ್ಪನ್ನು ತನ್ನೊಳಗೇ ಹುಡುಕುತ್ತಿದ್ದಳು.

ಗಂಗಾವತಿಗೆ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಬೆಂಗಳೂರಿನ ಒಂದು ತರಬೇತಿಗೆ ನನ್ನನ್ನು ಕಳಿಸಿದ್ದರು. ಬೇರೆ ದೇಶಗಳ ವಿಶ್ವವಿದ್ಯಾಲಯಗಳು ತಮ್ಮೊಳಗೆ ಚರ್ಚೆ ನಡೆಸುವ ಪದ್ಧತಿಯನ್ನು ಅಲ್ಲಿ ಹೇಳಿಕೊಟ್ಟರು. ಒಂದು ಕೋಣೆಯಲ್ಲಿ ನಾಲ್ಕು ತಂಡ, ತಂಡಕ್ಕೆ ಇಬ್ಬರು. ಎರಡು ತಂಡ ಪರ, ಎರಡು ವಿರೋಧ. ನಮ್ಮ ಕಡೆ ಹುಡುಗರು ತಮಗೆ ಸರಿ ಕಂಡ ಪಕ್ಷ ಆರಿಸಿಕೊಂಡು ವಾರಗಟ್ಟಲೆ ಬಾಯಿಪಾಠ ಮಾಡುತ್ತಿದ್ದರು. ಅಲ್ಲಿ ಹಾಗಲ್ಲ. ವಿಷಯ ಗೊತ್ತಾಗುವುದು ಮಾತಿಗೆ ಕಾಲು ಗಂಟೆ ಮೊದಲು. ನೀನು ಯಾವ ಕಡೆ ಎನ್ನುವುದನ್ನು ಚೀಟಿ ಎತ್ತಿದಂತೆ ಅವರೇ ಹೇಳುತ್ತಾರೆ. ನಂಬಿಕೆ ಇರಲಿ ಬಿಡಲಿ, ಆ ಕಡೆಯಿಂದ ವಾದಿಸಬೇಕು.

ನಾನು ಹೆದರಿದ್ದು ಇನ್ನೊಂದು ನಿಯಮಕ್ಕೆ. ನಿರ್ಣಾಯಕರು ಸೋತವರ ಎದುರಿಗೇ ಕೂತು, ನೀವು ಯಾಕೆ ಸೋತಿರಿ ಎಂದು ಬಿಡಿಸಿ ಹೇಳಬೇಕು. ಹಿಂದಿನ ಬಾಗಿಲು ಇಲ್ಲ.

ಗಂಗಾವತಿಯಲ್ಲಿ ಮೊದಲ ಸಲ ಹಾಗೆ ಮಾಡಿದ ದಿನ, ಸೋತ ಹುಡುಗನೊಬ್ಬ ನನ್ನ ಮಾತನ್ನು ಪೂರ್ತಿ ಕೇಳಿ, "ನೀವು ಹೇಳಿದ್ದು ಖರೆ ಐತ್ರಿ ಮೇಡಂ. ಆದ್ರ ಸಿಟ್ಟು ಹೋಗವಲ್ದು" ಎಂದ. ಎಲ್ಲರೂ ನಕ್ಕರು. ಅವತ್ತು ಕಲ್ಲು ಬೀಳಲಿಲ್ಲ. ಕಾರಣ ಹೇಳುವುದು ಹೆದರಿಕೆಯ ಕೆಲಸವೇ ಸರಿ, ಆದರೆ ಮಾಡಬಹುದಾದ ಕೆಲಸ ಎಂದು ಆ ದಿನ ಅನ್ನಿಸಿತು.

ಆ ಕಾಲೇಜಿಗೆ ಹುಲಿಗೆಮ್ಮ ಬಂದದ್ದು ನನ್ನ ಸೇವೆಯ ಕೊನೆಕೊನೆಗೆ. ನವಲಿಯ ಹುಡುಗಿ. ಕನ್ನಡ ಶಾಲೆಯಲ್ಲಿ ಓದಿದವಳು. ಅವಳ ಅಪ್ಪ ಯಮನಪ್ಪ ಬೇರೆಯವರ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದ, ಮನೆಯಲ್ಲಿ ಎರಡು ಎಮ್ಮೆ. ಅವಳ ಜೊತೆಗಾತಿ ಶಾಹೀನ್, ಗಂಗಾವತಿಯ ರೈಸ್ ಮಿಲ್ಲಿನ ಮೆಕ್ಯಾನಿಕ್ ಒಬ್ಬರ ಮಗಳು. ಶಾಹೀನ್ ಚೂಪು, ಗಡಿಬಿಡಿ. ಹುಲಿಗೆಮ್ಮ ನಿಧಾನ, ಇಂಗ್ಲಿಷಿನಲ್ಲಿ ಒಂದೊಂದೇ ಮಾತನ್ನು ಬಾವಿಯಿಂದ ಸೇದಿದಂತೆ ಎತ್ತುತ್ತಿದ್ದಳು. ಆದರೆ ಕೊಡದಲ್ಲಿ ನೀರು ಇರುತ್ತಿತ್ತು. ಇಬ್ಬರೂ ರಾಜ್ಯಮಟ್ಟದಲ್ಲಿ ಮೇಲೆ ಬಂದರು.

ಹುಲಿಗೆಮ್ಮನನ್ನು ಕೂಟಕ್ಕೆ ಸೇರಿಸಿಕೊಳ್ಳಲು ನಾನೇ ನವಲಿಗೆ ಹೋಗಿದ್ದೆ. ಯಮನಪ್ಪ ಎಮ್ಮೆ ಮೈ ತೊಳೆಯುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, "ಅಕ್ಕೋರ, ಮಾತು ಕಲೀಲಿ. ಊರಾಗ ಎಷ್ಟು ಬೇಕಾದ್ರೂ ಮಾತಾಡ್ಲಿ. ನನಗ ಎದರ ಮಾತಾಡಬಾರ್ದು. ಅದೊಂದು ಆತಂದ್ರ ಅವತ್ತ ಸಾಲಿ ಬಂದ್" ಎಂದ.

"ಹಂಗ ಆಗೂದಿಲ್ರಿ ಯಮನಪ್ಪಾರ. ನಾ ಮಾತು ಕೊಡ್ತೀನಿ" ಎಂದೆ. ಹುಲಿಗೆಮ್ಮ ಬಾಗಿಲ ಬಳಿ ನಿಂತು, ತಾನೂ ಹ್ಞೂಂ ಎಂದಳು.

ನಮ್ಮ ಕಡೆ ಮಾತು ಕೊಡುವುದೆಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಂದ ಬಂದದ್ದು ಅವರದೇ ಮಾತು. ಚೀಟಿಯಲ್ಲಿ ಬಂದ ಮಾತು, ತನ್ನದಲ್ಲದ ಮಾತು ಎನ್ನುವುದು ನವಲಿಯ ಲೆಕ್ಕದಲ್ಲಿ ಇರಲಿಲ್ಲ. ಇದು ನನಗೆ ಅವತ್ತೇ ಹೊಳೆದಿದ್ದರೆ ಮುಂದಿನ ಘಾಬರಿ ಅರ್ಧ ಕಡಿಮೆಯಾಗುತ್ತಿತ್ತು.

ಕರೋನಾದ ಕಾಲ ಬಂತು. ವಿಮಾನಗಳೆಲ್ಲ ನಿಂತು, ವಿಶ್ವವಿದ್ಯಾಲಯಗಳ ಅಂತರರಾಷ್ಟ್ರೀಯ ಚರ್ಚಾಸ್ಪರ್ಧೆ ಆನ್‌ಲೈನ್ ಆಯಿತು. ಹಣ ಸುರಿದು ದೇಶ ದಾಟುವ ಮಾತೇ ಇಲ್ಲದ್ದರಿಂದ ನಮ್ಮಂಥ ಕಾಲೇಜಿನ ಹೆಸರೂ ಆ ಪಟ್ಟಿ ಸೇರಿತು. ನಮ್ಮ ಕಂಪ್ಯೂಟರ್ ಕೋಣೆಯಿಂದ ಹುಡುಗಿಯರು ಜಗತ್ತಿನ ಯಾವ್ಯಾವ ಊರಿನವರ ಜೊತೆಗೋ ವಾದಿಸಿದರು. ಕರೆಂಟು ಹೋದರೆ ಎಂದು ಶಾಹೀನ್‌ಳ ಅಪ್ಪ ಮಿಲ್ಲಿನಿಂದ ಬ್ಯಾಟರಿ ತಂದು ಕೂಡಿಸಿದ್ದರು. ತರಬೇತಿ ಕೊಟ್ಟವರು ಕೋಣೆಯೊಳಗೆ ಇರಬಾರದೆಂಬ ನಿಯಮವಿತ್ತು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತಿರುತ್ತಿದ್ದೆ.

ಮೊದಲ ಸುತ್ತುಗಳಲ್ಲಿ ಪ್ರತಿ ಸಲವೂ ಫಲಿತಾಂಶ ಮತ್ತು ಕಾರಣ ಕೂಡಲೇ ಸಿಗುತ್ತಿದ್ದವು. ಕೊನೆಯ ಕೆಲವು ಸುತ್ತು ಮಾತ್ರ ಮುಚ್ಚಿದ ಸುತ್ತು. ಅವುಗಳಲ್ಲಿ ಏನಾಯಿತೆಂದು ಯಾರಿಗೂ ಹೇಳುವುದಿಲ್ಲ. ಎಲ್ಲ ಮುಗಿದ ಮೇಲೆ, ನಾಕೌಟ್ ಹಂತಕ್ಕೆ ಆಯ್ಕೆಯಾದ ತಂಡಗಳ ಹೆಸರು ಓದುತ್ತಾರೆ. ಆಮೇಲೆ ಬೇಕಾದವರು ನಿರ್ಣಾಯಕರನ್ನು ಕಂಡು ಕಾರಣ ಕೇಳಬಹುದು. ಆಯ್ಕೆಯ ಅಂಚಿನಲ್ಲಿ ನಮ್ಮ ತಂಡವೂ ಇತ್ತು. ಇಂಗ್ಲಿಷ್ ಮನೆಮಾತಲ್ಲದವರಿಗೆ ಬೇರೆಯೇ ಒಂದು ವಿಭಾಗವಿರುತ್ತದೆ. ಅದರಲ್ಲಿ ಹೆಸರು ಬರಬಹುದೆಂಬ ಆಸೆ ನನಗೂ ಇತ್ತು, ಹೇಳಿಕೊಳ್ಳುತ್ತಿರಲಿಲ್ಲ.

ಕೊನೆಯ ಮುಚ್ಚಿದ ಸುತ್ತಿನ ವಿಷಯ ಇದು: ಬೆಳೆದ ಮಕ್ಕಳಿಗೆ ತಂದೆ-ತಾಯಿಯನ್ನು ನೋಡಿಕೊಳ್ಳುವ ಋಣವಿಲ್ಲ. ನಮ್ಮವರಿಗೆ ಬಂದದ್ದು ಪರ. ಅಂದರೆ ಋಣವಿಲ್ಲ ಎಂದೇ ಸಾಧಿಸಬೇಕು.

ಬಾಗಿಲು ಮುಚ್ಚಿತು. ಒಳಗೆ ಹುಲಿಗೆಮ್ಮನ ದನಿ ಏರಿದ್ದು ಕೇಳಿಸಿತು, ಮಾತು ತಿಳಿಯಲಿಲ್ಲ. ಆ ಹೊತ್ತಿಗೆ ನಮ್ಮ ಪ್ರಾಂಶುಪಾಲರು ಬಂದು ಕಿಟಕಿಯಿಂದ ಫೋನು ಹಿಡಿದರು. ಒಳ್ಳೆಯ ಮನುಷ್ಯ, ಹೆಮ್ಮೆ ತಡೆಯುತ್ತಿರಲಿಲ್ಲ. "ಏನ್ ಇಂಗ್ಲಿಷ್ ರೀ ಮೇಡಂ, ಏನ್ ಇಂಗ್ಲಿಷ್" ಎನ್ನುತ್ತ ಹೋದರು. ಅರ್ಧ ನಿಮಿಷದ ಆ ತುಣುಕನ್ನು ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿದ್ದು ನನಗೆ ಗೊತ್ತಾಗಲಿಲ್ಲ.

ಸುತ್ತು ಮುಗಿದು ಹುಡುಗಿಯರು ಹೊರಗೆ ಬಂದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಹೆಂಗಾತ್ರವಾ?" ಎಂದೆ.

"ಅಕಿನ್ನ ಕೇಳ್ರಿ" ಎಂದಳು ಶಾಹೀನ್.

ಹುಲಿಗೆಮ್ಮ ಮಾತಾಡದೆ ನಳದ ಕಡೆ ಹೋಗಿ ಮುಖ ತೊಳೆದುಕೊಂಡಳು. ಆಯ್ಕೆಯ ಪಟ್ಟಿ ಸಂಜೆಗೆ. ನಾನು ಅವಳ ಡಬ್ಬಿ ತೆರೆದು ಮುಂದಿಟ್ಟರೂ ರೊಟ್ಟಿ ಮುರಿಯಲಿಲ್ಲ.

ಮಧ್ಯಾಹ್ನ ನನ್ನ ಫೋನಿಗೆ ಆ ತುಣುಕು ಬೇರೆ ಯಾರಿಂದಲೋ ಬಂತು. ಕೆಳಗೆ ಯಾರೋ ಕನ್ನಡದಲ್ಲಿ ಬರೆದಿದ್ದರು: 'ನನ್ನ ಅಪ್ಪನಿಗೆ ನಾನೇನೂ ಕೊಡಬೇಕಾಗಿಲ್ಲ. ಹುಟ್ಟಿಸು ಎಂದು ನಾನು ಕೇಳಿರಲಿಲ್ಲ. ನವಲಿಯ ಮಗಳ ಮಾತು ಕೇಳಿ.' ಅನುವಾದ ತಪ್ಪಿರಲಿಲ್ಲ. ಇಂಗ್ಲಿಷಿನಲ್ಲಿ ಅವಳು ಅದನ್ನೇ ಹೇಳಿದ್ದಳು. ನಾನು ಯೋಚಿಸಿದ್ದು ಪಟ್ಟಿಯ ಬಗ್ಗೆ ಅಲ್ಲ. ನವಲಿಯಲ್ಲಿ ಎಷ್ಟು ಫೋನುಗಳಿವೆಯೋ ಅವನ್ನೆಲ್ಲ ಯಮನಪ್ಪನ ಮುಂದೆ ಯಾರಾದರೂ ಹಿಡಿದಿರುತ್ತಾರೆ ಎಂದು ಯೋಚಿಸಿದೆ. ಪ್ರಾಂಶುಪಾಲರ ಕೋಣೆಗೆ ಓಡಿದೆ. ಅವರು ಅಳಿಸಿದರು. "ಕಾಲೇಜಿನ ಹೆಸರು ಬರ್ಲಿ ಅಂತ ಹಾಕಿದ್ನಿ ಮೇಡಂ" ಎಂದರು. ಅಳಿಸಿದ್ದರಿಂದ ಏನೂ ಆಗಲಿಲ್ಲ. ಅದು ಆಗಲೇ ಊರು ಸೇರಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಬೈಕೊಂದು ಗೇಟಿನೊಳಗೆ ಬಂತು. ಓಡಿಸುತ್ತಿದ್ದವನು ಹುಲಿಗೆಮ್ಮನ ಸೋದರಮಾವ ಈರಪ್ಪ. ಹಿಂದೆ ಯಮನಪ್ಪ, ತೊಡೆಯ ಮೇಲೆ ಮಡಿಚಿದ ಖಾಲಿ ಚೀಲ. ಆ ಚೀಲ ನೋಡಿದ ಕೂಡಲೇ ನನಗೆ ತಿಳಿಯಿತು, ಹಾಸ್ಟೆಲಿನಲ್ಲಿದ್ದ ಮಗಳ ಬಟ್ಟೆಬರೆ ತುಂಬಿಕೊಂಡು ಹೋಗಲು ಬಂದಿದ್ದಾನೆ.

ಈರಪ್ಪ ಬೈಕಿನಿಂದ ಇಳಿಯುವ ಮೊದಲೇ ಶುರುಮಾಡಿದ. "ಏನ್ರಿ ಅಕ್ಕೋರ, ಓದಸ್ತೀನಿ ಓದಸ್ತೀನಿ ಅಂದ್ರಿ. ಇದನ್ನೇನು ಓದ್ಸಿದ್ದು? ಊರಾಗ ತಲಿ ಎತ್ತಂಗಿಲ್ಲ. ಹೊಟೇಲದಾಗ ಚಾ ಕುಡಿಯಾಕ ಹೋದ್ರ, ಬಾ ಈರಪ್ಪ, ನಿಮ್ಮ ಸೊಸಿ ಲೆಕ್ಕಾ ಚುಕ್ತಾ ಮಾಡ್ಯಾಳಂತಲ್ಲ ಅಂತಾರ."

ಯಮನಪ್ಪ ಅವನನ್ನು ಸುಮ್ಮನಿರಿಸಿದ. ಮಗಳ ಮುಂದೆ ಹೋಗಿ ನಿಂತ. ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ನೀ ಅಂದೀಯೇನವಾ?"

"ಅಂದೀನಪ್ಪ."

"ನನ್ನ ಸುದ್ದಿನ?"

"ಹ್ಞೂಂ."

ಅಷ್ಟೇ. ಮುಂದೆ ಒಂದು ಮಾತು ಆಡಲಿಲ್ಲ. ಜಗತ್ತಿನ ಎದುರು ಏಳು ನಿಮಿಷ ವಾದ ಹೂಡುವ ಹುಡುಗಿ ಅಪ್ಪನ ಮುಂದೆ ತುಟಿ ಬಿಗಿದು ನಿಂತಳು. ಎದುರು ಮಾತಾಡುವುದಿಲ್ಲ ಎಂದು ಮಾತು ಕೊಟ್ಟಿದ್ದಳಲ್ಲ, ಅದನ್ನು ಉಳಿಸಿಕೊಂಡಿದ್ದಳು.

ನಾನು ಮಧ್ಯೆ ಹೋದೆ. "ಯಮನಪ್ಪಾರ, ಅದು ಅಕಿ ಮಾತಲ್ರಿ. ಚೀಟಿ ಎತ್ತಿದಂಗ ಒಂದು ಕಡೆ ಬರ್ತೈತಿ. ಬಂದ ಕಡೆ ಮಾತಾಡ್ಬೇಕು. ಗೀಗೀ ಪದದಾಗ ಹರದೇಶಿಯವ್ರು ಗಂಡು ಹೆಚ್ಚು ಅಂತಾರ, ನಾಗೇಶಿಯವ್ರು ಹೆಣ್ಣು ಹೆಚ್ಚು ಅಂತಾರ. ಪದ ಮುಗದ ಮ್ಯಾಲ ಕೂಡೇ ಊಟಾ ಮಾಡ್ತಾರ. ಹಂಗ ಇದೂ."

ನನಗೆ ನನ್ನ ಉದಾಹರಣೆ ಬಹಳ ಸರಿಯೆನಿಸಿತ್ತು. ಯಮನಪ್ಪ ಒಪ್ಪಲಿಲ್ಲ. "ಗೀಗೀ ಪದಾ ನಾನೂ ಕೇಳೀನ್ರಿ ಅಕ್ಕೋರ. ಅವ್ರು ತಮ್ಮ ಅಪ್ಪನ ಸುದ್ದಿ ತಗದು ಹಾಡೂದಿಲ್ಲ."

ಅವನು ಮಡಿಚಿದ್ದ ಚೀಲ ಬಿಚ್ಚಿ ಮುಂದೆ ಹಿಡಿದ.

"ಚೀಲಾ ತುಂಬವಾ" ಎಂದ ಮಗಳಿಗೆ.

"ಸಂಜಿಗೆ ಫಲಿತಾಂಶ ಐತ್ರಿ" ಎಂದೆ. ಬೇರೇನೂ ತೋಚಲಿಲ್ಲ. "ಅದೊಂದು ಆಗೂತನ ಕುಂದರ್ರಿ."

"ಫೈಸಲಾ ಅಂತೀರೇನು?" ಯಮನಪ್ಪನ ಮುಖದಲ್ಲಿ ಮೊದಲ ಸಲ ಏನೋ ಬದಲಾಯಿತು. "ಇಕಿ ಅಂದದ್ದು ಖರೆನೋ ಸುಳ್ಳೋ ಅಂತ ಹಿರ್ಯಾರು ಫೈಸಲಾ ಮಾಡ್ತಾರೇನು? ಮಾಡ್ಲಿ. ಅದನ್ನ ಕೇಳ್ಕೊಂಡ ಹೋಗೂಣು."

ಅವನು ನಿರ್ಣಾಯಕರನ್ನು ಊರಕಟ್ಟೆಯ ಹಿರಿಯರೆಂದು ತಿಳಿದಿದ್ದ. ಮಗಳಿಗೆ ಅಪ್ಪನ ಋಣ ಇದೆಯೋ ಇಲ್ಲವೋ ಎಂದು ಯಾವುದೋ ದೇಶದ ಪಂಚರು ನ್ಯಾಯ ಹೇಳುತ್ತಾರೆ ಎಂದುಕೊಂಡಿದ್ದ. ಹುಡುಗಿ ಗೆದ್ದರೆ, ಜಗತ್ತಿನ ಹಿರಿಯರೆಲ್ಲ ಸೇರಿ ಯಮನಪ್ಪನಿಗೆ ಏನೂ ಬಾಕಿಯಿಲ್ಲ ಎಂದು ಹೇಳಿದಂತೆ. ಸೋತರೆ, ಹಿರಿಯರೂ ಒಪ್ಪಲಿಲ್ಲ, ನಡಿ ಮನೆಗೆ. ಗೆದ್ದರೂ ಕೆಟ್ಟಿತು, ಸೋತರೂ ಕೆಟ್ಟಿತು. ಫಲಿತಾಂಶಕ್ಕೆ ಅಷ್ಟು ವರ್ಷ ಹೆದರಿದವಳು, ಎರಡೂ ಕಡೆಯಿಂದ ಹೆದರಿದ್ದು ಅದೇ ಮೊದಲು.

ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಕೂತೆವು. ಯಮನಪ್ಪ ಖುರ್ಚಿಯ ತುದಿಯಲ್ಲಿ, ಚೀಲ ಮಡಿಲಲ್ಲಿ. ಈರಪ್ಪ ಬಾಗಿಲಿಗೆ ಒರಗಿ ನಿಂತ. ಪರದೆಯ ಮೇಲೆ ಹೆಸರುಗಳು ಕೆಳಗಿನ ಸ್ಥಾನದಿಂದ ಮೇಲಕ್ಕೆ ಒಂದೊಂದಾಗಿ ಬರತೊಡಗಿದವು. ಒಂದು ಹೆಸರು ಬಂದಾಗ ಯಾವುದೋ ದೇಶದ ಹುಡುಗರು ಕುಣಿಯುವುದು ಕಾಣಿಸುತ್ತಿತ್ತು. ಶಾಹೀನ್ ಬಾಯಲ್ಲಿ ಏನೋ ಪಠಿಸುತ್ತಿದ್ದಳು. ಹುಲಿಗೆಮ್ಮ ಪರದೆಯನ್ನು ನೋಡುತ್ತಿರಲಿಲ್ಲ, ಚೀಲವನ್ನು ನೋಡುತ್ತಿದ್ದಳು.

ನಮ್ಮ ವಿಭಾಗದ ಕೊನೆಯ ಹೆಸರೂ ಬಂತು. ನಮ್ಮದಲ್ಲ.

ಪೂರ್ತಿ ಅಂಕಪಟ್ಟಿ ತೆರೆದಾಗ, ಆಯ್ಕೆಯ ಗೆರೆಯ ಕೆಳಗೆ ಮೊದಲ ಹೆಸರೇ ನಮ್ಮ ಕಾಲೇಜಿನದು. ಮುಚ್ಚಿದ ಸುತ್ತುಗಳಲ್ಲಿ ಉಳಿದವೆಲ್ಲ ಚೆನ್ನಾಗಿ ಹೋಗಿದ್ದವು. ಕೊನೆಯದರಲ್ಲಿ, ಆ ಋಣದ ಸುತ್ತಿನಲ್ಲಿ, ನಾಲ್ಕು ತಂಡಗಳಲ್ಲಿ ನಮ್ಮದು ನಾಲ್ಕನೆಯದು. ಮೂರನೆಯದಾಗಿದ್ದರೂ ಗೆರೆಯ ಮೇಲೆ ಇರುತ್ತಿದ್ದೆವು.

ಶಾಹೀನ್ ಮೇಜಿನ ಮೇಲೆ ತಲೆಯಿಟ್ಟಳು.

"ಏನಾತ್ರಿ?" ಎಂದ ಯಮನಪ್ಪ.

"ಸೋತ್ರು" ಎಂದೆ.

"ಮುಗೀತಲ್ಲ ಮಾವ," ಈರಪ್ಪ ಬಾಗಿಲು ಬಿಟ್ಟು ಸರಿದ. "ಹೊರದೇಶದವ್ರೂ ಒಪ್ಪಲಿಲ್ಲ. ನಡೀರಿ, ಕತ್ತಲಾಗೂದ್ರಾಗ ಊರು ಮುಟ್ಟೂಣು."

ಯಮನಪ್ಪ ಏಳಲಿಲ್ಲ. "ಯಾಕ ಒಪ್ಪಲಿಲ್ಲಂತ? ನಮ್ಮ ಕಟ್ಟಿ ಮ್ಯಾಲ ಫೈಸಲಾ ಮಾಡಿದ್ರ ಯಾಕಂತ ಹೇಳ್ತಾರ. ಇವ್ರು ಹೇಳೂದಿಲ್ಲೇನು?"

ದೇಸಾಯಿ ಸರ್ ಕಲಿಸಿದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿರ್ಣಾಯಕರ ತೀರ್ಮಾನವೇ ಅಂತಿಮ. ಅಷ್ಟು ಹೇಳಿಬಿಟ್ಟರೆ ನಾನು ಉಳಿಯುತ್ತಿದ್ದೆ. ಒಳಗೆ ಆ ಹುಡುಗಿ ಇನ್ನೂ ಏನು ಅಂದಿದ್ದಾಳೋ ನನಗೆ ಗೊತ್ತಿರಲಿಲ್ಲ. ನಿರ್ಣಾಯಕರು ಅದನ್ನೆಲ್ಲ ಮತ್ತೆ ಬಿಚ್ಚಿದರೆ? ಆದರೆ ಕುಷ್ಟಗಿಯ ಆ ಹುಡುಗಿ ನಿಂತ ರೀತಿ ಕಣ್ಣ ಮುಂದೆ ಬಂತು.

"ಹೇಳ್ತಾರ್ರಿ. ಕೇಳೂಣು" ಎಂದೆ.

ಆ ಸುತ್ತಿನ ಮುಖ್ಯ ನಿರ್ಣಾಯಕಿಗೆ ಸಂದೇಶ ಕಳಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲೆ ಬಂದಳು. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ಹಿಂದೆ ಗೋಡೆಯ ಮೇಲೆ ಒದ್ದೆ ಬಟ್ಟೆ ಒಣಹಾಕಿತ್ತು. ಯಮನಪ್ಪ ಎದ್ದು ನಿಂತು ಕೈಮುಗಿದ. ಅವಳು ಗಲಿಬಿಲಿಗೊಂಡು ತಾನೂ ಕೈಮುಗಿದಳು.

"ಅಕ್ಕೋರ, ಒಂದೂ ಬಿಡದ ಹೇಳ್ರಿ ನನಗ" ಎಂದ ಯಮನಪ್ಪ.

ಅವಳು ಹೇಳುತ್ತ ಹೋದಳು, ನಾನು ಕನ್ನಡ ಮಾಡುತ್ತ ಹೋದೆ. ತಿರುಚಬಹುದಿತ್ತು. ಈರಪ್ಪನಿಗೂ ಯಮನಪ್ಪನಿಗೂ ಇಂಗ್ಲಿಷ್ ಬಾರದು. ಆದರೆ ಹುಡುಗಿಯರಿಬ್ಬರೂ ಎದುರಿಗೇ ಇದ್ದರು. ಅವರಿಗೆ ನಾನು ಕಲಿಸಿದ್ದೇ, ಎದುರಿನವರು ಅಂದದ್ದನ್ನು ಅಂದ ಹಾಗೆಯೇ ಹಿಡಿಯಬೇಕು ಎಂದು.

"ನಿಮ್ಮ ಮಗಳು ಮೊದಲ ಅರ್ಧ ಚಲೋ ಮಾತಾಡಿದ್ಲು ಅಂತಾರ. ಋಣ ಅನ್ನೂದು ಕೇಳಿ ಇಸ್ಕೊಂಡದ್ದಕ್ಕ ಇರ್ತೈತಿ, ಹುಟ್ಟಿದ್ದಕ್ಕ ಅಲ್ಲ ಅಂದ್ಲಂತ. ಆಗ ಅವ್ರ ತಂಡ ಎಲ್ಲಾರಕಿಂತ ಮುಂದಿತ್ತಂತ."

ಯಮನಪ್ಪನ ದವಡೆ ಬಿಗಿಯಿತು.

"ಆಮ್ಯಾಲ ವಿರೋಧ ತಂಡದ ಹುಡುಗ ನಡುವ ಎದ್ದು ಒಂದು ಪ್ರಶ್ನೆ ಕೇಳಿದ್ನಂತ. ಹಂಗಾದ್ರ ನಾಳೆ ನಿಮ್ಮ ಅಪ್ಪಗ ವಯಸ್ಸಾತು, ನೀನು ಬಿಟ್ಟು ಹೋಗ್ತೀಯೇನು ಅಂತ."

ನಾನು ನಿಲ್ಲಿಸಿದೆ. ನಿರ್ಣಾಯಕಿಯ ಮುಂದಿನ ಮಾತು ಕಿವಿಗೆ ಬಿದ್ದಿತ್ತು, ಅದು ಮನಸ್ಸಿಗೆ ಇಳಿಯಲು ಒಂದು ಕ್ಷಣ ಬೇಕಾಯಿತು.

"ಹೇಳ್ರಿ" ಎಂದ ಯಮನಪ್ಪ.

"ಇಲ್ಲ ಅಂದ್ಲಂತ. ನನ್ನ ಅಪ್ಪನ್ನ ಬಿಡಾಕ ನನಗ ಆಗೂದಿಲ್ಲ ಅಂದ್ಲಂತ. ಉಳಿದ ಹೊತ್ತೆಲ್ಲ ನಿಮ್ಮ ಸುದ್ದಿನ ಹೇಳಿದ್ಲಂತ. ನೀವು ಗದ್ದ್ಯಾಗ ಬಗ್ಗಿ ಬಗ್ಗಿ ಬೆನ್ನು ಹಿಡದಿದ್ದು, ಎಮ್ಮಿ ಹಾಲು ಮಾರಿ ಫೋನ್ ಕೊಡ್ಸಿದ್ದು."

ನಿರ್ಣಾಯಕಿ ಮುಂದುವರಿಸಿದಳು, ನಾನೂ.

"ಅಲ್ಲೇ ಸೋತ್ಲು ಅಂತಾರ. ಬಿಡಾಕ ಆಗೂದಿಲ್ಲ ಅನ್ನೂದು ವಿರೋಧದವ್ರ ವಾದ. ಅದನ್ನ ಇಕಿನ ಒಪ್ಪಿಕೊಂಡು ಬಿಟ್ಲು. ಆ ಒಂದು ಜವಾಬು ಬ್ಯಾರೆ ಕೊಟ್ಟಿದ್ರ ಇವ್ರು ಆ ಕೋಣ್ಯಾಗ ಮೊದಲನೇದವ್ರು ಆಗ್ತಿದ್ರು ಅಂತಾರ."

ನಿರ್ಣಾಯಕಿ ಇಷ್ಟು ಹೇಳಿ, ಹುಲಿಗೆಮ್ಮನಿಗೆ ಇನ್ನೇನಾದರೂ ಕೇಳುವುದಿದೆಯೇ ಎಂದಳು. ಹುಲಿಗೆಮ್ಮ ಇಲ್ಲ ಎಂದು ತಲೆಯಾಡಿಸಿದಳು. ಪರದೆ ಕಪ್ಪಾಯಿತು.

ಯಮನಪ್ಪ ಶಾಹೀನ್‌ಳ ಕಡೆ ತಿರುಗಿದ. "ಖರೆನೇನವಾ? ನೀನೂ ಒಳಗಿದ್ದಿ."

"ಖರೆ ಐತ್ರಿ ಕಾಕಾ" ಎಂದಳು ಶಾಹೀನ್, ಮೂಗು ಒರೆಸಿಕೊಳ್ಳುತ್ತ. "ನಾ ಮೇಜಿನ ಕೆಳಗ ಕಾಲು ಒದ್ದೆ ಅಕಿಗೆ, ಸುಮ್ನಿರು ಅಂತ. ಕೇಳಲಿಲ್ಲ. ಅಪ್ಪ ಅಪ್ಪ ಅಂತ ಹಚ್ಚಿದ್ಲು. ಅಕಿ ಸಲುವಾಗಿ ನಾನೂ ಮುಳುಗಿದೆ."

ಈರಪ್ಪ ಕೆಮ್ಮಿದ. "ಮತ್ತ ಫೋನಿನ್ಯಾಗ ಅದು ಯಾಕ ಇಲ್ಲ?"

ಪ್ರಾಂಶುಪಾಲರು ಯಾವಾಗ ಬಂದು ಬಾಗಿಲ ಹಿಂದೆ ನಿಂತಿದ್ದರೋ. "ನನ್ನ ಫೋನು ಅಷ್ಟೊತ್ತಿಗೆ ಬಂದ್ ಮಾಡಿದ್ನಿ" ಎಂದರು, ನೆಲ ನೋಡುತ್ತ.

ಯಮನಪ್ಪ ಎದ್ದ. ಮಗಳ ಹತ್ತಿರ ಹೋಗುತ್ತಾನೆ ಎಂದುಕೊಂಡ ನಾನೂ ಎದ್ದೆ. ಅವನು ಹೋಗಲಿಲ್ಲ. ಕೈಯಲ್ಲಿದ್ದ ಚೀಲವನ್ನು ಇನ್ನೊಮ್ಮೆ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡ. ಬಾಗಿಲ ತನಕ ಹೋಗಿ, ನನ್ನನ್ನು ಮಾತ್ರ ಕರೆದ. ಅವನಿಗೆ ಸಿಟ್ಟು ಪೂರ್ತಿ ಹೋಗಿರಲಿಲ್ಲ, ಅದು ಹಣೆಯಲ್ಲಿ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಬೇರೆ ಏನೋ ಬಂದು ಕೂತಿತ್ತು.

"ನನ್ನ ಸಲುವಾಗಿ ಸೋತ್ಲೇನ್ರಿ?"

"ಹೌದ್ರಿ."

"ಗೆಲ್ಲಾಕ ಬಂದಾಕಿ ಅಪ್ಪನ್ನ ಯಾಕ ಹಿಡ್ಕೊಂಡು ಕುಂತ್ಲಂತ? ಶ್ಯಾಣ್ಯಾಕಿ ಅಂತ ತಿಳಿದಿದ್ನಿ." ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡ. "ಮುಂದಿನ ಸಲ ನನ್ನ ಸುದ್ದಿ ತಗೀಬ್ಯಾಡ ಅಂತ ಹೇಳ್ರಿ ಅಕಿಗೆ. ಚಲೋನೂ ಬ್ಯಾಡ, ಕೆಟ್ಟದ್ದೂ ಬ್ಯಾಡ."

ಮುಂದಿನ ಸಲ ಅಂದನಲ್ಲ, ಆ ಒಂದು ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬೈಕು ಗೇಟು ದಾಟಿತು. ಹುಲಿಗೆಮ್ಮ ಆಗ ಡಬ್ಬಿ ತೆರೆದು ಒಣಗಿದ ರೊಟ್ಟಿ ಮುರಿದಳು. ಅರ್ಧವನ್ನು ಶಾಹೀನ್ ಮುಂದೆ ಸರಿಸಿದಳು. ಶಾಹೀನ್ ಬೈದುಕೊಳ್ಳುತ್ತಲೇ ತಿಂದಳು.

ಮರುವರ್ಷದ ಸ್ಪರ್ಧೆಯ ಹೊತ್ತಿಗೆ ನಾನು ನಿವೃತ್ತಳಾಗಿ ಕೊಪ್ಪಳ ಸೇರಿದ್ದೆ. ಕಾರಿಡಾರಿನ ಬೆಂಚಿನ ಮೇಲೆ ಬೇರೆಯವರು ಕೂತಿದ್ದರು, ಒಳಗೆ ಮಾತ್ರ ಅದೇ ಇಬ್ಬರು ಹುಡುಗಿಯರು. ಮುಚ್ಚಿದ ಸುತ್ತುಗಳು ಮುಗಿದ ದಿನ ಮನೆಯಲ್ಲಿ ಕೂರಲಾಗದೆ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಫೋನು ಬಂತು. ಯಮನಪ್ಪ. ಹಿಂದೆ ಎಮ್ಮೆ ಒದರುವುದು ಕೇಳುತ್ತಿತ್ತು.

"ಅಕ್ಕೋರ, ಪಟ್ಟಿ ಬಂತೇನ್ರಿ?"

"ಇನ್ನೂ ಇಲ್ರಿ ಯಮನಪ್ಪಾರ. ಸಂಜಿಗೆ ಬರ್ತೈತಿ."

"ಮುಂಜಾಲಿಂದ ಎದಿ ಡವಡವ ಅನ್ನಾಕತ್ತೇತ್ರಿ. ಗದ್ದಿಗೂ ಹೋಗಿಲ್ಲ. ನೀವು ಇಷ್ಟು ವರ್ಷ ಇದನ್ನ ಮಾಡೀರಿ. ಈ ಹೆದರಿಕಿ ಹೋಗಾಕ ಏನ್ ಮಾಡ್ತಾರ್ರಿ?"

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ಗೊತ್ತಿಲ್ರಿ ಯಮನಪ್ಪಾರ" ಎಂದೆ. "ಫೋನು ಇಡಬ್ಯಾಡ್ರಿ. ಹಿಂಗ ಹಿಡ್ಕೊಂಡು ಕುಂದರೂಣು."